ಮಾತನಾಡುವ ಪುಸ್ತಕಗಳೂ ಸ್ವತಂತ್ರ ತಂತ್ರಾಂಶವೂ

೧. ವಿಷಯಪ್ರವೇಶ

ಗ್ರಂಥವನ್ನು ಕಣ್ಣಿನಿಂದಲೇ ಓದಬೇಕೆಂಬ ನಿಯಮವು ಎಲ್ಲಿಯೂ ಇಲ್ಲ. ಕರ್ಣಾಟಕದಲ್ಲಿ ಗಮಕಿಯು ಭಾರತವನ್ನು ವಾಚಿಸಿ, ವ್ಯಾಖ್ಯಾನಕಾರನು ಅರ್ಥವನ್ನು ಬಿಡಿಸಿ ಹೇಳುತ್ತಿರಲು, ಅಕ್ಷರವನ್ನರಿಯದ ಅಸಂಖ್ಯಾತ ಜನರು ಕೇಳಿಯೇ ಕಾವ್ಯವನ್ನು ತಮ್ಮದನ್ನಾಗಿ ಮಾಡಿಕೊಂಡರು. ಆದರೂ ಕೇಳುವುದಕ್ಕೂ ಓದುವುದಕ್ಕೂ ಒಂದು ಮುಖ್ಯವಾದ ಭೇದವುಂಟು. ಓದುವವನು ತನಗೆ ಬೇಕಾದ ಪುಟವನ್ನು ತೆರೆಯಬಲ್ಲನು. ತಿಳಿಯದ ವಾಕ್ಯಕ್ಕೆ ಮತ್ತೆ ಹಿಂದಿರುಗಬಲ್ಲನು. ಬೇಡವಾದ ಅಡಿಟಿಪ್ಪಣಿಯನ್ನು ದಾಟಿ ಹೋಗಬಲ್ಲನು. ಓದನ್ನು ನಿಲ್ಲಿಸಿದ ಸ್ಥಳದಲ್ಲಿ ಗುರುತಿಟ್ಟು ಮರುದಿನ ಅಲ್ಲಿಂದಲೇ ಮುಂದುವರಿಯಬಲ್ಲನು. ಕೇಳುವವನಾದರೋ ವಾಚಕನ ಅನುಕೂಲಕ್ಕೆ ಅಧೀನನು. ಕಥೆಯನ್ನು ಕೇಳುವುದರಲ್ಲಿ ಈ ಅಧೀನತೆಯು ಅಷ್ಟಾಗಿ ಬಾಧಕವಲ್ಲ; ನ್ಯಾಯಶಾಸ್ತ್ರವನ್ನೋ ಗಣಿತವನ್ನೋ ಅಭ್ಯಾಸಮಾಡಿ ಪರೀಕ್ಷೆಗೆ ಕುಳಿತುಕೊಳ್ಳತಕ್ಕ ಅಂಧ ವಿದ್ಯಾರ್ಥಿಗೆ ಅದೇ ದೊಡ್ಡ ವಿಘ್ನವಾಗುತ್ತದೆ.

ಈ ವಿಘ್ನವನ್ನು ಕಳೆಯುವುದಕ್ಕಾಗಿ ಹುಟ್ಟಿದುದೇ ಡೇಸಿ ಎಂದು ಪ್ರಸಿದ್ಧವಾಗಿರುವ ಅಂಕೀಯ ಮಾತನಾಡುವ ಪುಸ್ತಕದ ಪದ್ಧತಿ. ಆ ಪದ್ಧತಿಯಲ್ಲಿ ಪುಸ್ತಕವು ಒಂದು ವಸ್ತು, ಅದನ್ನು ತೆರೆದು ನುಡಿಸುವ ತಂತ್ರಾಂಶವು ಮತ್ತೊಂದು ವಸ್ತು. ಇವೆರಡರಲ್ಲಿ ಮೊದಲನೆಯದು ಸರ್ವರಿಗೂ ತೆರೆದಿದ್ದು ಎರಡನೆಯದು ಮುಚ್ಚಿದ್ದರೆ ಪ್ರಯೋಜನವೇನು? ಸ್ವತಂತ್ರ ತಂತ್ರಾಂಶವನ್ನು ರಚಿಸುವ ಪ್ರಯತ್ನಗಳು ಈ ಪ್ರಶ್ನೆಯಿಂದ ಹೊರಟುವು. ಅವುಗಳ ಸ್ವರೂಪ, ಅವುಗಳಲ್ಲಿ ಎದುರಾಗುವ ತೊಡಕುಗಳು, ಕನ್ನಡ ಪುಸ್ತಕಗಳಿಗೆ ಅವುಗಳಿಂದ ಆಗತಕ್ಕ ಉಪಯೋಗ, ಇವು ಇಲ್ಲಿ ಸಂಕ್ಷೇಪವಾಗಿ ನಿರೂಪಿತವಾಗಿವೆ.

೨. ಪೂರ್ವಚರಿತ್ರೆ

ಧ್ವನಿಯನ್ನು ಹಿಡಿದಿಡುವ ಯಂತ್ರವು ಹುಟ್ಟಿದೊಡನೆಯೇ ಅಂಧರ ನೆನಪು ಬಂದುದು ಗಮನಾರ್ಹವಾಗಿದೆ. ಎಡಿಸನ್ನನು ೧೮೭೭ರಲ್ಲಿ ಫೋನೋಗ್ರಾಫನ್ನು ನಿರ್ಮಿಸಿದನು. ೧೮೭೮ರಲ್ಲಿ ‘ನಾರ್ತ್ ಅಮೆರಿಕನ್ ರಿವ್ಯೂ’ ಎಂಬ ಪತ್ರಿಕೆಯಲ್ಲಿ ಅದರ ಉಪಯೋಗಗಳನ್ನು ಎಣಿಸುವಾಗ, ಅಂಧರಿಗಾಗಿ ನುಡಿಯುವ ಪುಸ್ತಕಗಳನ್ನೂ ಸೇರಿಸಿದನು. ಆದರೆ ಆ ಕಾಲದ ಉರುಳೆಯು ಕೆಲವೇ ನಿಮಿಷಗಳ ಮಾತನ್ನು ಹಿಡಿಯುತ್ತಿದ್ದುದರಿಂದ ಈ ಆಶೆಯು ಅರ್ಧಶತಮಾನಕ್ಕೂ ಹೆಚ್ಚು ಕಾಲ ಫಲಿಸಲಿಲ್ಲ. ಅಮೆರಿಕದಲ್ಲಿ ೧೯೩೪ರಿಂದಲೂ ಬ್ರಿಟನ್ನಿನಲ್ಲಿ ೧೯೩೫ರಿಂದಲೂ ನಿಧಾನವಾಗಿ ತಿರುಗುವ ತಟ್ಟೆಗಳಲ್ಲಿ ಮಾತನಾಡುವ ಪುಸ್ತಕಗಳು ಹೊರಟುವು. ಸಂಗೀತದ ದೀರ್ಘಾವಧಿಯ ತಟ್ಟೆಗಳು ಅಂಗಡಿಗೆ ಬಂದುದು ೧೯೪೮ರಲ್ಲಿ. ಅದಕ್ಕೆ ಹತ್ತು ವರ್ಷಗಳಿಗೂ ಮೊದಲೇ ಅಂಧರ ಪುಸ್ತಕಗಳಿಗಾಗಿ ಅಂತಹ ತಟ್ಟೆಗಳು ಬಳಕೆಗೆ ಬಂದಿದ್ದುವೆಂಬುದು ಅನೇಕರಿಗೆ ತಿಳಿಯದು. ಬ್ರಿಟನ್ನಿನ ತಟ್ಟೆಯ ಒಂದೊಂದು ಮಗ್ಗುಲು ಸುಮಾರು ೨೫ ನಿಮಿಷ ನುಡಿಯುತ್ತಿದ್ದಿತು. ಒಂದು ಸಾಧಾರಣ ಕಾದಂಬರಿಗೆ ಸುಮಾರು ೧೦ ತಟ್ಟೆಗಳು ಬೇಕಾಗುತ್ತಿದ್ದುವು.

ಅನಂತರ ಕಾಂತಸುರುಳಿಯೂ ಕ್ಯಾಸೆಟ್ಟೂ ಬಂದುವು. ಇವು ಹಗುರವಾದುವು, ಅಗ್ಗವಾದುವು. ಆದರೆ ಮೂಲದೋಷವು ಹಾಗೆಯೇ ಉಳಿಯಿತು. ಹದಿನೈದು ಇಪ್ಪತ್ತು ಕ್ಯಾಸೆಟ್ಟುಗಳಲ್ಲಿ ಹರಡಿಕೊಂಡಿರುವ ಪಠ್ಯಪುಸ್ತಕದಲ್ಲಿ ೨೧೪ನೆಯ ಪುಟವನ್ನು ಹುಡುಕುವುದೆಂದರೆ, ಯಾವ ಕ್ಯಾಸೆಟ್ಟೆಂದು ಊಹಿಸಿ, ಸುತ್ತಿ, ನಿಲ್ಲಿಸಿ, ಕೇಳಿ, ಮತ್ತೆ ಸುತ್ತಬೇಕು. ಕಣ್ಣುಳ್ಳವನಿಗೆ ಕ್ಷಣದ ಕೆಲಸವಾಗಿದ್ದುದು ಅಂಧನಿಗೆ ಬಹು ಹೊತ್ತಿನ ಕೆಲಸವಾಗಿತ್ತು.

ಸ್ವೀಡನ್ ದೇಶದ ಮಾತನಾಡುವ ಪುಸ್ತಕಗಳ ಮತ್ತು ಬ್ರೈಲ್ ಗ್ರಂಥಗಳ ರಾಷ್ಟ್ರೀಯ ಗ್ರಂಥಾಲಯವು ೧೯೮೮ರಲ್ಲಿ ಇದಕ್ಕೆ ಪರಿಹಾರವನ್ನು ಹುಡುಕಲು ತೊಡಗಿತು. ಧ್ವನಿಯನ್ನು ಅಂಕಿಗಳಾಗಿ ಪರಿವರ್ತಿಸಿ, ಅದರೊಡನೆ ಗ್ರಂಥದ ವಿಷಯಾನುಕ್ರಮಣಿಕೆಯನ್ನೂ ಜೋಡಿಸಿಡುವುದೇ ಆ ಯೋಜನೆಯ ತಿರುಳು. ೧೯೯೬ರ ಮೇ ತಿಂಗಳಲ್ಲಿ ಸ್ವೀಡನ್, ಬ್ರಿಟನ್, ಜಪಾನ್ ಮೊದಲಾದ ದೇಶಗಳ ಅಂಧಗ್ರಂಥಾಲಯಗಳು ಕೂಡಿ ಡೇಸಿ ಒಕ್ಕೂಟವನ್ನು ಸ್ಥಾಪಿಸಿದುವು. ಮರುವರ್ಷವೇ ಈ ಒಕ್ಕೂಟವು, ಪುಸ್ತಕದ ರೂಪವು ಯಾವುದೊಂದು ಸಂಸ್ಥೆಯ ಸೊತ್ತೂ ಆಗಿರದೆ, ಅಂತರಜಾಲದಲ್ಲಿ ಬಳಕೆಯಲ್ಲಿರುವ ಬಹಿರಂಗ ನಿಯಮಗಳನ್ನೇ ಆಧರಿಸಿರಬೇಕೆಂದು ನಿಶ್ಚಯಿಸಿತು. ಇದರ ಫಲವಾಗಿ ೨೦೦೧ರ ಫೆಬ್ರವರಿಯಲ್ಲಿ ಡೇಸಿ ೨.೦೨ ಎಂಬ ನಿರ್ದೇಶವೂ, ೨೦೦೨ರಲ್ಲಿ ಅಮೆರಿಕದ ರಾಷ್ಟ್ರೀಯ ಪ್ರಮಾಣವಾಗಿ ಡೇಸಿ ೩ ಎಂಬುದೂ ಪ್ರಕಟವಾದುವು. ಎರಡನೆಯದು ೨೦೦೫ರಲ್ಲಿ ಪರಿಷ್ಕೃತವಾಯಿತು. ೨೦೧೧ರಲ್ಲಿ ಹೊರಬಿದ್ದ ಇಪಬ್ ೩ ಎಂಬ ಸಾಮಾನ್ಯ ವಿದ್ಯುನ್ಮಾನ ಪುಸ್ತಕದ ರೂಪದಲ್ಲಿ ಡೇಸಿಯ ಮುಖ್ಯಾಂಶಗಳು ಸೇರಿಹೋದುವು. ಅಂಧರಿಗೆಂದು ಆಲೋಚಿಸಿದ ವ್ಯವಸ್ಥೆಯು ಕಡೆಗೆ ಎಲ್ಲರ ಪುಸ್ತಕದ ಅಂಗವಾದುದು ಈ ಚರಿತ್ರೆಯಲ್ಲಿ ಸಂತೋಷದ ಸಂಗತಿ.

೩. ಪುಸ್ತಕದ ಅಂಗರಚನೆ

ತಂತ್ರಾಂಶದ ಕೆಲಸವನ್ನು ತಿಳಿಯಬೇಕಾದರೆ ಮೊದಲು ಪುಸ್ತಕದ ಒಳರಚನೆಯನ್ನು ತಿಳಿಯಬೇಕು. ಡೇಸಿ ೨.೦೨ರ ಪುಸ್ತಕವೆಂಬುದು ಒಂದೇ ಕಡತವಲ್ಲ, ಕಡತಗಳ ಒಂದು ಗುಂಪು. ಅವುಗಳಲ್ಲಿ ಮೂರು ಬಗೆಗಳು ಮುಖ್ಯವಾದುವು.

ಮೊದಲನೆಯದು ಧ್ವನಿಕಡತ. ಓದುವವನ ಕಂಠವು ಸಾಮಾನ್ಯವಾಗಿ ಎಂಪಿ೩ ರೂಪದಲ್ಲಿ ಇರುತ್ತದೆ. ಸೆಕೆಂಡಿಗೆ ೬೪ ಸಾವಿರ ಬಿಟ್ಟುಗಳಂತೆ ಅಡಕಮಾಡಿದರೆ ಒಂದು ಗಂಟೆಯ ಮಾತು ಸುಮಾರು ೨೯ ಮೆಗಾಬೈಟುಗಳನ್ನು ಆಕ್ರಮಿಸುತ್ತದೆ. ಎಂದರೆ ೭೦೦ ಮೆಗಾಬೈಟಿನ ಒಂದು ಸಿ.ಡಿ.ಯಲ್ಲಿ ೨೪ ಗಂಟೆಗಳ ಓದು ಹಿಡಿಯುತ್ತದೆ. ೯೦ ನಿಮಿಷಗಳ ೧೬ ಕ್ಯಾಸೆಟ್ಟುಗಳ ಭಾರವು ಒಂದು ತೆಳುವಾದ ತಟ್ಟೆಯಲ್ಲಿ ಅಡಗಿತು.

ಎರಡನೆಯದು ಸಂಚಾರಕಡತ. ಇದು ಪುಸ್ತಕದ ಅನುಕ್ರಮಣಿಕೆ. ಇದರಲ್ಲಿ ಆರು ಅಂತಸ್ತುಗಳವರೆಗೆ ಶೀರ್ಷಿಕೆಗಳನ್ನೂ, ಪ್ರತಿಯೊಂದು ಪುಟದ ಸಂಖ್ಯೆಯನ್ನೂ ಕ್ರಮವಾಗಿ ಬರೆದಿರುತ್ತದೆ. ಕುಮಾರವ್ಯಾಸನ ಭಾರತವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಅಲ್ಲಿ ಪರ್ವವು ಮೊದಲನೆಯ ಅಂತಸ್ತು, ಸಂಧಿಯು ಎರಡನೆಯದು, ಪದ್ಯವು ಮೂರನೆಯದು. ಮೊದಲನೆಯ ಅಂತಸ್ತಿನಲ್ಲಿ ಚಲಿಸುವ ಕೇಳುಗನು ಒಂದು ಕೀಲಿಯನ್ನೊತ್ತಿದರೆ ಆದಿಪರ್ವದಿಂದ ಸಭಾಪರ್ವಕ್ಕೆ ಹಾರುವನು. ಎರಡನೆಯದರಲ್ಲಿ ಸಂಧಿಯಿಂದ ಸಂಧಿಗೂ, ಮೂರನೆಯದರಲ್ಲಿ ಪದ್ಯದಿಂದ ಪದ್ಯಕ್ಕೂ ಹೋಗುವನು. ಕಣ್ಣು ಪುಟದ ಮೇಲೆ ಓಡಾಡುವಂತೆಯೇ ಕಿವಿಯೂ ಗ್ರಂಥದಲ್ಲಿ ಓಡಾಡಲು ಈ ಅಂತಸ್ತುಗಳೇ ಕಾರಣ.

ಮೂರನೆಯದು ಬಂಧಕಡತ. ಇದು ಸ್ಮಿಲ್ ಎಂಬ ಭಾಷೆಯಲ್ಲಿ ರಚಿತವಾದುದು. ಈ ಭಾಷೆಯು ೧೯೯೮ರಲ್ಲಿ ಅಂತರಜಾಲದ ಪ್ರಮಾಣವಾಗಿ ಅಂಗೀಕೃತವಾಯಿತು. ಅನುಕ್ರಮಣಿಕೆಯ ಇಂತಹ ಶೀರ್ಷಿಕೆಗೆ ಇಂತಹ ಧ್ವನಿಕಡತದ ಸೊನ್ನೆಯಿಂದ ೩.೪೫ನೆಯ ಸೆಕೆಂಡಿನವರೆಗಿನ ಭಾಗವು ಸಲ್ಲತಕ್ಕದ್ದು, ಅನಂತರದ ವಾಕ್ಯಕ್ಕೆ ೩.೪೫ರಿಂದ ೯.೨ರವರೆಗಿನದು ಸಲ್ಲತಕ್ಕದ್ದು, ಎಂದು ಅದರಲ್ಲಿ ಒಂದೊಂದಾಗಿ ಹೇಳಿರುತ್ತದೆ. ಧ್ವನಿಗೂ ಅಕ್ಷರಕ್ಕೂ ಗಂಟು ಹಾಕುವ ದಾರವೆಂದರೆ ಇದೇ. ಪುಸ್ತಕದ ಸಂಪೂರ್ಣ ಪಾಠವೂ ಜೊತೆಯಲ್ಲಿದ್ದರೆ, ನುಡಿಯುತ್ತಿರುವ ವಾಕ್ಯವನ್ನು ಪರದೆಯ ಮೇಲೆ ಬಣ್ಣದಿಂದ ಎತ್ತಿ ತೋರಿಸಬಹುದು. ಇದು ಮಂದದೃಷ್ಟಿಯವರಿಗೂ, ಕಣ್ಣು ಸರಿಯಾಗಿದ್ದರೂ ಅಕ್ಷರಗಳನ್ನು ಕೂಡಿಸಿ ಓದುವುದರಲ್ಲಿ ಕಷ್ಟಪಡುವ ಮಕ್ಕಳಿಗೂ ಬಹಳ ಸಹಾಯಕವಾದುದು.

ಡೇಸಿ ೩ರಲ್ಲಿ ಕಡತಗಳ ಹೆಸರುಗಳೂ ವಿಭಾಗಕ್ರಮವೂ ಸ್ವಲ್ಪ ಬದಲಾದುವು, ತತ್ತ್ವವು ಬದಲಾಗಲಿಲ್ಲ.

೪. ನುಡಿಸುವ ತಂತ್ರಾಂಶದ ರಚನೆ

ಮೇಲ್ನೋಟಕ್ಕೆ ಇಂತಹ ಪುಸ್ತಕವನ್ನು ನುಡಿಸುವ ತಂತ್ರಾಂಶದ ರಚನೆಯು ಸುಲಭವೆಂದು ತೋರುತ್ತದೆ. ಅನುಕ್ರಮಣಿಕೆಯನ್ನು ಓದುವುದು, ಕೊಂಡಿಯನ್ನು ಹಿಡಿದು ಬಂಧಕಡತಕ್ಕೆ ಹೋಗುವುದು, ಅಲ್ಲಿ ಹೇಳಿದ ಧ್ವನಿಭಾಗವನ್ನು ನುಡಿಸುವುದು, ಮುಗಿದೊಡನೆ ಮುಂದಿನದಕ್ಕೆ ಹೋಗುವುದು, ಇಷ್ಟೇ ಅಲ್ಲವೆ? ಆದರೆ ಅನುಷ್ಠಾನದಲ್ಲಿ ಅನೇಕ ತೊಡಕುಗಳು ಎದುರಾಗುತ್ತವೆ.

ಮೊದಲನೆಯದಾಗಿ, ಪುಸ್ತಕಗಳೆಲ್ಲವೂ ನಿರ್ದೇಶಕ್ಕೆ ಸರಿಯಾಗಿ ಇರುವುದಿಲ್ಲ. ವಿಂಡೋಸ್ ಗಣಕಗಳಲ್ಲಿ ಕಡತದ ಹೆಸರನ್ನು ರೋಮನ್ ಲಿಪಿಯ ದೊಡ್ಡಕ್ಷರಗಳಲ್ಲಿ ಬರೆದರೂ ಸಣ್ಣಕ್ಷರಗಳಲ್ಲಿ ಬರೆದರೂ ಒಂದೇ. ಲಿನಕ್ಸ್ ಗಣಕಗಳಲ್ಲಿ ಅವೆರಡೂ ಬೇರೆ ಬೇರೆ ಹೆಸರುಗಳು. ಮೊದಲಿನದರಲ್ಲಿ ಸಿದ್ಧವಾದ ಪುಸ್ತಕವು ಎರಡನೆಯದರಲ್ಲಿ ‘ಕಡತವಿಲ್ಲ’ ಎಂದು ಮೊದಲ ಹೆಜ್ಜೆಯಲ್ಲಿಯೇ ನಿಂತುಬಿಡಬಹುದು. ಕೆಲವು ಪುಸ್ತಕಗಳಲ್ಲಿ ಟ್ಯಾಗುಗಳು ಮುಚ್ಚಿರುವುದಿಲ್ಲ. ಕೆಲವುಗಳಲ್ಲಿ ಕೊಂಡಿಯು ಇಲ್ಲದ ಕಡತವನ್ನು ತೋರಿಸುತ್ತದೆ. ತಪ್ಪಿರುವ ಪುಸ್ತಕವನ್ನು ತಿರಸ್ಕರಿಸುವುದು ನಿಯಮಕ್ಕೆ ಸರಿ. ಆದರೆ ನಾಳೆ ಪರೀಕ್ಷೆಯಿರುವ ವಿದ್ಯಾರ್ಥಿಗೆ ಆ ನಿಯಮದಿಂದ ಏನೂ ಪ್ರಯೋಜನವಿಲ್ಲ. ಆದಕಾರಣ ಒಳ್ಳೆಯ ತಂತ್ರಾಂಶವು ಪುಸ್ತಕದ ಸಣ್ಣ ತಪ್ಪುಗಳನ್ನು ತಾಳಿಕೊಂಡು, ದೊರೆತಷ್ಟನ್ನು ನುಡಿಸಬೇಕು.

ಎರಡನೆಯದಾಗಿ, ಧ್ವನಿಯ ನಿರಂತರತೆ. ಪ್ರತಿಯೊಂದು ವಾಕ್ಯದ ಕೊನೆಯಲ್ಲಿ ಧ್ವನಿಯನ್ನು ನಿಲ್ಲಿಸಿ, ಕಡತವನ್ನು ಮುಚ್ಚಿ, ಮತ್ತೆ ತೆರೆದರೆ ಓದಿನಲ್ಲಿ ಬಿಕ್ಕಿದಂತೆ ಕೇಳುತ್ತದೆ. ಒಂದು ಭಾಗವು ಮುಗಿಯುವ ಕ್ಷಣವೂ ಮುಂದಿನದು ಆರಂಭವಾಗುವ ಕ್ಷಣವೂ ಒಂದೇ ಆಗಿದ್ದರೆ ತಂತ್ರಾಂಶವು ನಿಲ್ಲಿಸದೆ ಮುಂದುವರಿದು, ತಾನಿರುವ ಸ್ಥಾನವನ್ನು ಮಾತ್ರ ಲೆಕ್ಕದಲ್ಲಿಟ್ಟುಕೊಳ್ಳಬೇಕು. ಎಂಪಿ೩ ಕಡತದಲ್ಲಿ ಬಿಟ್ಟುಗಳ ಪ್ರಮಾಣವು ಒಂದೇ ಸಮನಾಗಿರದೆ ಏರಿಳಿಯುತ್ತಿದ್ದರೆ ಮತ್ತೊಂದು ಕಷ್ಟವುಂಟು: ‘ಇಷ್ಟನೆಯ ಸೆಕೆಂಡು’ ಎಂಬುದು ಕಡತದ ಯಾವ ಸ್ಥಳದಲ್ಲಿರುವುದೆಂಬುದನ್ನು ಸರಳವಾದ ತ್ರೈರಾಶಿಕದಿಂದ ಕಂಡುಹಿಡಿಯಲಾಗದು. ಹಾಗೆ ಮಾಡಿದರೆ ವಾಕ್ಯದ ನಡುವಿನಿಂದ ಓದು ಆರಂಭವಾಗುತ್ತದೆ. ಕಡತವನ್ನು ಮೊದಲೇ ಪರಿಶೀಲಿಸಿ ಸ್ಥಾನಗಳ ಕೋಷ್ಟಕವನ್ನು ಮಾಡಿಟ್ಟುಕೊಳ್ಳುವುದೇ ಇದಕ್ಕೆ ಉಪಾಯ.

ಮೂರನೆಯದು ವೇಗ. ಅಭ್ಯಾಸವುಳ್ಳ ಅಂಧ ವಾಚಕರು ಸಾಮಾನ್ಯ ಓದಿಗಿಂತ ಎರಡರಷ್ಟು, ಕೆಲವರು ಅದಕ್ಕಿಂತಲೂ ಹೆಚ್ಚಿನ ವೇಗದಲ್ಲಿ ಕೇಳಬಲ್ಲರು. ತಟ್ಟೆಯನ್ನು ಬೇಗ ತಿರುಗಿಸಿದರೆ ಸ್ವರವೂ ಏರಿ ಮಾತು ಕೀಚಲಾಗುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಸ್ವರವನ್ನು ಏರಿಸದೆ ವೇಗವನ್ನು ಮಾತ್ರ ಹೆಚ್ಚಿಸಲು, ಧ್ವನಿಯನ್ನು ಸೆಕೆಂಡಿನ ಕೆಲವು ನೂರನೆಯ ಅಂಶಗಳಷ್ಟು ಸಣ್ಣ ತುಂಡುಗಳಾಗಿ ಕತ್ತರಿಸಿ, ಒಂದನ್ನೊಂದು ಹೋಲುವ ಅಲೆಗಳು ಸೇರುವ ಸ್ಥಳವನ್ನು ಹುಡುಕಿ, ನಡುವಿನ ಅಂಶವನ್ನು ಬಿಟ್ಟು ಅಂಚುಗಳನ್ನು ಒಂದರ ಮೇಲೊಂದು ಹಾಯಿಸಿ ಹೊಲಿಯಬೇಕು. ಹೊಲಿಗೆಯು ಸರಿಯಾದ ಸ್ಥಳದಲ್ಲಿ ಬಿದ್ದರೆ ಕಿವಿಗೆ ಅದು ತಿಳಿಯುವುದೇ ಇಲ್ಲ. ಈ ಕಾರ್ಯವನ್ನು ಮಾಡತಕ್ಕ ‘ಸೌಂಡ್‌ಟಚ್’, ‘ಸಾನಿಕ್’ ಎಂಬ ಸ್ವತಂತ್ರ ತಂತ್ರಾಂಶಭಾಗಗಳು ಲಭ್ಯವಿವೆ. ಇವುಗಳಲ್ಲಿ ಎರಡನೆಯದು ಎರಡರಷ್ಟಕ್ಕೂ ಮೀರಿದ ವೇಗದಲ್ಲಿ ಮಾತು ಸ್ಪಷ್ಟವಾಗಿರಬೇಕೆಂಬ ಉದ್ದೇಶದಿಂದಲೇ ರಚಿತವಾದುದು.

ನಾಲ್ಕನೆಯದು ಬಿಡುವಿಕೆ. ಪುಟಸಂಖ್ಯೆ, ಅಡಿಟಿಪ್ಪಣಿ, ಚಿತ್ರದ ವಿವರಣೆ, ಇವುಗಳನ್ನು ಕೇಳಬೇಕೆ ಬೇಡವೆ ಎಂಬುದು ವಾಚಕನ ಇಚ್ಛೆಗೆ ಬಿಟ್ಟುದು. ಇಂತಹ ಭಾಗಗಳಿಗೆ ಬಂಧಕಡತದಲ್ಲಿ ಒಂದು ಗುರುತಿರುತ್ತದೆ. ವಾಚಕನು ಬೇಡವೆಂದರೆ ತಂತ್ರಾಂಶವು ಆ ಗುರುತುಳ್ಳ ಭಾಗಗಳನ್ನು ದಾಟಿಕೊಂಡು ಹೋಗಬೇಕು. ಮುದ್ರಿತ ಪುಸ್ತಕದಲ್ಲಿ ಕಣ್ಣು ಅಡಿಟಿಪ್ಪಣಿಯನ್ನು ತಾನಾಗಿಯೇ ಬಿಡುತ್ತದೆ. ಇಲ್ಲಿ ಆ ಸ್ವಾತಂತ್ರ್ಯವನ್ನು ಬುದ್ಧಿಪೂರ್ವಕವಾಗಿ ಕಲ್ಪಿಸಿಕೊಡಬೇಕಾಗಿದೆ.

ಐದನೆಯದು, ಎಲ್ಲಕ್ಕಿಂತಲೂ ಮುಖ್ಯವಾದುದು, ತಂತ್ರಾಂಶದ ಹೊರಮೈ. ಪುಸ್ತಕವು ಅಂಧರಿಗೆ ದಕ್ಕುವಂತಿದ್ದು, ಅದನ್ನು ತೆರೆಯುವ ಗುಂಡಿಯು ಅವರಿಗೆ ದಕ್ಕದಿದ್ದರೆ ಪ್ರಯತ್ನವೆಲ್ಲವೂ ವ್ಯರ್ಥ. ಪ್ರತಿಯೊಂದು ಕಾರ್ಯವನ್ನೂ ಕೀಲಿಮಣೆಯಿಂದಲೇ ನಡೆಸುವಂತಿರಬೇಕು. ಪ್ರತಿಯೊಂದು ಗುಂಡಿಗೂ ಸ್ಕ್ರೀನ್ ರೀಡರು ಓದಿಹೇಳಬಲ್ಲ ಹೆಸರಿರಬೇಕು. ಇದಲ್ಲದೆ ಎರಡು ಧ್ವನಿಗಳ ಘರ್ಷಣೆಯೆಂಬ ವಿಶೇಷವಾದ ಸಮಸ್ಯೆಯೊಂದುಂಟು. ಪುಸ್ತಕವನ್ನು ಓದುವ ಮನುಷ್ಯಧ್ವನಿಯೂ, ಪರದೆಯನ್ನು ಓದುವ ಯಂತ್ರಧ್ವನಿಯೂ ಏಕಕಾಲದಲ್ಲಿ ಮಾತನಾಡಿದರೆ ಎರಡೂ ಅರ್ಥವಾಗುವುದಿಲ್ಲ. ಯಾವಾಗ ಯಾವುದು ಮೌನವಾಗಿರಬೇಕೆಂಬುದನ್ನು ನಿರ್ಣಯಿಸುವುದಕ್ಕೆ, ಕಣ್ಣು ಮುಚ್ಚಿಕೊಂಡು ಒಂದು ದಿನ ಪ್ರಯೋಗಮಾಡಿದ ದೃಷ್ಟಿಯುಳ್ಳವನ ಅನುಭವವು ಸಾಲದು. ದಿನವೂ ಹೀಗೆಯೇ ಓದುವವರ ಅಭಿಪ್ರಾಯವೇ ಪ್ರಮಾಣ. ಆದ್ದರಿಂದ ಅಂಧ ವಾಚಕರನ್ನು ಕಡೆಯಲ್ಲಿ ಪರೀಕ್ಷಕರನ್ನಾಗಿ ಕರೆಯುವುದಕ್ಕಿಂತ, ಆರಂಭದಲ್ಲಿಯೇ ರಚನಕಾರರನ್ನಾಗಿ ಸೇರಿಸಿಕೊಳ್ಳುವುದು ಉತ್ತಮ. ಎನ್‌ವಿಡಿಎ ಎಂಬ ಸ್ವತಂತ್ರ ಸ್ಕ್ರೀನ್ ರೀಡರನ್ನು ೨೦೦೬ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭಿಸಿದ ಮೈಕೇಲ್ ಕರ್ರನ್, ಅವರೊಡನೆ ಸೇರಿದ ಜೇಮ್ಸ್ ಟೇ, ಇಬ್ಬರೂ ಅಂಧರು. ಆ ತಂತ್ರಾಂಶವು ಜಗತ್ತಿನಲ್ಲಿ ಹರಡಿದುದಕ್ಕೆ ಇದೂ ಒಂದು ಕಾರಣವೆನ್ನಬಹುದು.

೫. ಸ್ವತಂತ್ರವಾಗಿರಬೇಕಾದುದೇಕೆ?

ಸ್ವತಂತ್ರ ತಂತ್ರಾಂಶವೆಂದರೆ ಬೆಲೆಯಿಲ್ಲದ ತಂತ್ರಾಂಶವೆಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಯಾವ ಉದ್ದೇಶಕ್ಕಾದರೂ ಬಳಸುವುದು, ಒಳರಚನೆಯನ್ನು ಪರಿಶೀಲಿಸಿ ತಿದ್ದುವುದು, ಪ್ರತಿಮಾಡಿ ಹಂಚುವುದು, ತಿದ್ದಿದ ಪ್ರತಿಯನ್ನೂ ಹಂಚುವುದು, ಈ ನಾಲ್ಕು ಅಧಿಕಾರಗಳು ಬಳಸುವವನಿಗೆ ಇದ್ದರೆ ಮಾತ್ರ ತಂತ್ರಾಂಶವು ಸ್ವತಂತ್ರವೆನಿಸಿಕೊಳ್ಳುತ್ತದೆ. ಮಾತನಾಡುವ ಪುಸ್ತಕಗಳ ವಿಷಯದಲ್ಲಿ ಇವುಗಳಲ್ಲಿ ಎರಡನೆಯದು ಅತ್ಯಂತ ಬೆಲೆಯುಳ್ಳದ್ದು. ಏತಕ್ಕೆಂದರೆ, ಸಣ್ಣ ಭಾಷೆಯೊಂದರ ಅಂಧ ವಾಚಕರಿಗೆ ಬೇಕಾದ ತಿದ್ದುಪಾಟನ್ನು ಮಾಡಿಕೊಡುವುದರಿಂದ ಯಾವ ವ್ಯಾಪಾರಸಂಸ್ಥೆಗೂ ಲಾಭವಿಲ್ಲ. ಮುಚ್ಚಿದ ತಂತ್ರಾಂಶದಲ್ಲಿ ಆ ವಾಚಕರು ಮನವಿಮಾಡಿ ಕಾದಿರಬೇಕು. ತೆರೆದುದರಲ್ಲಿ ತಾವೇ ತಿದ್ದಿಕೊಳ್ಳಬಹುದು, ಇಲ್ಲವೆ ಬಲ್ಲವರಿಂದ ತಿದ್ದಿಸಿಕೊಳ್ಳಬಹುದು.

ಈ ದಾರಿಯಲ್ಲಿ ನಡೆದ ಪ್ರಯತ್ನಗಳಲ್ಲಿ ಆಮಿಸ್ ಎಂಬುದು ಪ್ರಸಿದ್ಧವಾದುದು. ಇದರ ಬೆಳವಣಿಗೆಗೆ ಜಪಾನಿನಲ್ಲಿ ಅಂಗವಿಕಲರ ಪುನರ್ವಸತಿಗಾಗಿ ದುಡಿಯುವ ಸಂಘವು ಆಶ್ರಯಕೊಟ್ಟಿತು. ಅನಂತರ ಡೇಸಿ ಒಕ್ಕೂಟವೇ ಇದನ್ನು ಮುಂದುವರಿಸಿತು. ಬಂಧಕಡತವನ್ನು ಅರ್ಥಮಾಡಿಕೊಂಡು ನುಡಿಸುವ ಭಾಗವನ್ನು ಹೊಸದಾಗಿ ಬರೆಯದೆ, ಆಮ್‌ಸ್ಟರ್ಡಾಮಿನ ಗಣಿತ ಮತ್ತು ಗಣಕವಿಜ್ಞಾನ ಕೇಂದ್ರದಲ್ಲಿ ಸಿದ್ಧವಾದ ‘ಆಂಬ್ಯುಲೆಂಟ್’ ಎಂಬ ಸ್ವತಂತ್ರ ತಂತ್ರಾಂಶವನ್ನು ಅದರಲ್ಲಿ ಅಳವಡಿಸಿದರು. ಒಂದೆಡೆಯ ವಿದ್ವಾಂಸರ ಶ್ರಮವು ಮತ್ತೊಂದೆಡೆಯ ಅಂಧರಿಗೆ ಅನುಮತಿಪತ್ರದ ಅಡ್ಡಿಯಿಲ್ಲದೆ ಒದಗಿದುದಕ್ಕೆ ಇದು ಒಳ್ಳೆಯ ನಿದರ್ಶನ. ಪುಸ್ತಕಗಳನ್ನು ಸಿದ್ಧಗೊಳಿಸುವುದಕ್ಕೂ ಒಕ್ಕೂಟವು ‘ಓಬಿ’, ‘ಟೋಬಿ’, ‘ಪೈಪ್‌ಲೈನ್’ ಎಂಬ ತೆರೆದ ಉಪಕರಣಗಳನ್ನು ಹೊರತಂದಿತು. ಮೈಕ್ರೋಸಾಫ್ಟ್ ವರ್ಡಿನಲ್ಲಿ ಬರೆದ ಪಾಠವನ್ನು ಡೇಸಿಗೆ ಪರಿವರ್ತಿಸುವ ಉಪಕರಣವು ೨೦೦೮ರಲ್ಲಿ ತೆರೆದ ತಂತ್ರಾಂಶವಾಗಿ ಹೊರಬಂದಿತು. ಅದರ ರಚನೆಯಲ್ಲಿ ಬೆಂಗಳೂರಿನ ಸೊನಾಟಾ ಸಾಫ್ಟ್‌ವೇರ್ ಸಂಸ್ಥೆಯು ಭಾಗಿಯಾಗಿದ್ದುದು ಕನ್ನಡಿಗರು ನೆನೆಯತಕ್ಕ ವಿಷಯ.

ಸ್ವತಂತ್ರ ತಂತ್ರಾಂಶಕ್ಕೆ ಎದುರಾದ ವಿಘ್ನಗಳೂ ಉಂಟು. ಅವುಗಳಲ್ಲಿ ಮೊದಲನೆಯದು ಪೇಟೆಂಟು. ಎಂಪಿ೩ ವಿಧಾನವು ಪೇಟೆಂಟುಗಳಿಗೆ ಒಳಪಟ್ಟಿದ್ದುದರಿಂದ ಫೆಡೋರದಂತಹ ಲಿನಕ್ಸ್ ವಿತರಣೆಗಳು ಅದನ್ನು ನುಡಿಸುವ ಭಾಗವನ್ನು ಬಹುಕಾಲ ಸೇರಿಸಿಕೊಳ್ಳದೆ ಇದ್ದುವು. ಪುಸ್ತಕದ ರೂಪವು ತೆರೆದಿದ್ದರೂ ಅದರೊಳಗಿನ ಧ್ವನಿಯ ರೂಪವು ತೆರೆದಿರಲಿಲ್ಲ. ೨೦೧೭ರಲ್ಲಿ ಆ ಪೇಟೆಂಟುಗಳ ಅನುಮತಿವ್ಯವಹಾರವು ಕೊನೆಗೊಂಡ ಮೇಲೆ ಈ ವಿಘ್ನವು ನಿವಾರಣೆಯಾಯಿತು.

ಎರಡನೆಯ ವಿಘ್ನವು ಇನ್ನೂ ಸೂಕ್ಷ್ಮವಾದುದು. ಗ್ರಂಥಕರ್ತರ ಹಕ್ಕನ್ನು ಕಾಪಾಡುವುದಕ್ಕಾಗಿ ಕೆಲವು ಗ್ರಂಥಾಲಯಗಳು ಪುಸ್ತಕಕ್ಕೆ ಗೂಢಲಿಪಿಯ ಬೀಗವನ್ನು ಹಾಕುತ್ತವೆ. ಬೀಗದ ಕೈಯು ನುಡಿಸುವ ಯಂತ್ರದಲ್ಲಿಯೋ ತಂತ್ರಾಂಶದಲ್ಲಿಯೋ ಅಡಗಿರಬೇಕು. ಆದರೆ ಒಳರಚನೆಯೆಲ್ಲವನ್ನೂ ಬಹಿರಂಗವಾಗಿ ತೆರೆದಿಟ್ಟಿರುವ ತಂತ್ರಾಂಶದಲ್ಲಿ ಕೀಲಿಯನ್ನು ಅಡಗಿಸಿಡುವುದೆಲ್ಲಿ? ಹೀಗಾಗಿ ಬೀಗಹಾಕಿದ ಪುಸ್ತಕವೂ ಸ್ವತಂತ್ರ ತಂತ್ರಾಂಶವೂ ಸ್ವಭಾವದಿಂದಲೇ ಹೊಂದಿಕೊಳ್ಳಲಾರವು. ಮುಖ್ಯ ತಂತ್ರಾಂಶವನ್ನು ತೆರೆದಿಟ್ಟು ಬೀಗದ ಭಾಗವೊಂದನ್ನು ಮಾತ್ರ ಮುಚ್ಚಿಡುವ ಮಧ್ಯಮಮಾರ್ಗವನ್ನು ಕೆಲವರು ಹಿಡಿದಿದ್ದಾರೆ. ಗ್ರಂಥಕರ್ತರ ಭಯವು ನಿರಾಧಾರವೆಂದು ಹೇಳಲಾಗದು. ಆದರೆ ಬೀಗದಿಂದ ತೊಂದರೆಗೊಳಗಾಗುವವನು ಕಳ್ಳನಿಗಿಂತ ಹೆಚ್ಚಾಗಿ ವಾಚಕನೇ ಎಂಬುದನ್ನೂ ಮರೆಯಲಾಗದು. ಯಂತ್ರವು ಕೆಟ್ಟರೆ, ಅದನ್ನು ಮಾಡಿದ ಸಂಸ್ಥೆಯು ಮುಚ್ಚಿದರೆ, ಬೀಗಹಾಕಿದ ಪುಸ್ತಕವು ಅವನ ಕೈಯಲ್ಲಿದ್ದೂ ಇಲ್ಲದಂತಾಗುತ್ತದೆ.

ಮೂರನೆಯದು ಪೋಷಕರ ಕೊರತೆ. ತಂತ್ರಾಂಶವು ಒಮ್ಮೆ ಬರೆದಿಟ್ಟು ಮರೆಯತಕ್ಕ ವಸ್ತುವಲ್ಲ. ಗಣಕವ್ಯವಸ್ಥೆಯು ಬದಲಾದಂತೆಲ್ಲ ಅದನ್ನೂ ಬದಲಿಸುತ್ತಿರಬೇಕು. ಆಮಿಸ್ ತಂತ್ರಾಂಶದ ಬೆಳವಣಿಗೆಯು ಈಗ ನಿಂತುಹೋಗಿದೆ. ಸ್ವತಂತ್ರವಾದುದೂ ನೋಡಿಕೊಳ್ಳುವವರಿಲ್ಲದೆ ಹಳತಾಗುತ್ತದೆಂಬುದಕ್ಕೆ ಅದೇ ಸಾಕ್ಷಿ. ಆದರೂ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮುಚ್ಚಿದ ತಂತ್ರಾಂಶವು ನಿಂತರೆ ಅದರ ವಿದ್ಯೆಯೂ ಅದರೊಡನೆ ಮುಗಿಯುತ್ತದೆ. ತೆರೆದುದು ನಿಂತರೆ ಅದರ ಮೂಲಪಾಠವು ಉಳಿದಿದ್ದು, ಬಲ್ಲವರು ಅದನ್ನು ಮುಂದುವರಿಸಬಹುದು, ಇಲ್ಲವೆ ಅದನ್ನು ನೋಡಿ ಕಲಿಯಬಹುದು. ಪ್ಯಾರಿಸ್ಸಿನ ಯೂರೋಪಿಯನ್ ಅಂಕೀಯ ವಾಚನ ಪ್ರಯೋಗಶಾಲೆಯು ೨೦೧೯ರಿಂದ ಪ್ರಕಟಿಸುತ್ತಿರುವ ‘ಥೋರಿಯಂ ರೀಡರ್’ ಎಂಬ ತೆರೆದ ತಂತ್ರಾಂಶವು ಇಪಬ್ ಪುಸ್ತಕಗಳನ್ನಲ್ಲದೆ ಡೇಸಿ ೨.೦೨ ಮತ್ತು ಡೇಸಿ ೩ರ ಪುಸ್ತಕಗಳನ್ನೂ ತೆರೆಯಬಲ್ಲದು. ಪುಸ್ತಕದ ನಿರ್ದೇಶವು ಬಹಿರಂಗವಾಗಿದ್ದುದರಿಂದಲೇ, ಹಿಂದೆ ರಚಿತವಾದ ಪುಸ್ತಕಗಳನ್ನು ಅವುಗಳಿಗೆ ಸಂಬಂಧವಿಲ್ಲದ ಹೊಸಬರು ನುಡಿಸುವುದು ಸಾಧ್ಯವಾಯಿತು.

೬. ಕನ್ನಡದ ಪ್ರಶ್ನೆ

ಭಾರತದಲ್ಲಿ ಈ ಕಾರ್ಯಕ್ಕೆ ಕಾಯಿದೆಯ ಅನುಕೂಲವು ಒದಗಿದೆ. ೨೦೧೨ರಲ್ಲಿ ಕೃತಿಸ್ವಾಮ್ಯದ ಕಾಯಿದೆಗೆ ಮಾಡಿದ ತಿದ್ದುಪಡಿಯಿಂದ, ಅಂಗವಿಕಲರಿಗಾಗಿ ಪುಸ್ತಕವನ್ನು ಅವರಿಗೆ ದಕ್ಕುವ ರೂಪಕ್ಕೆ ಲಾಭಾಪೇಕ್ಷೆಯಿಲ್ಲದೆ ಪರಿವರ್ತಿಸುವುದಕ್ಕೆ ಗ್ರಂಥಕರ್ತನ ಪ್ರತ್ಯೇಕ ಅನುಮತಿಯು ಬೇಕಾಗಿಲ್ಲ. ೨೦೧೩ರ ಜೂನ್ ೨೭ರಂದು ಮೊರಾಕೊ ದೇಶದ ಮರಾಕೇಶಿನಲ್ಲಿ ಇದೇ ಉದ್ದೇಶದ ಅಂತರರಾಷ್ಟ್ರೀಯ ಒಪ್ಪಂದವು ಅಂಗೀಕೃತವಾಯಿತು. ೨೦೧೪ರಲ್ಲಿ ಅದನ್ನು ಸ್ಥಿರೀಕರಿಸಿದ ದೇಶಗಳಲ್ಲಿ ಭಾರತವೇ ಮೊದಲನೆಯದು. ೨೦೧೬ರ ಆಗಸ್ಟಿನಲ್ಲಿ ‘ಸುಗಮ್ಯ ಪುಸ್ತಕಾಲಯ’ವೆಂಬ ಅಂತರಜಾಲದ ಗ್ರಂಥಾಲಯವು ಆರಂಭವಾಗಿ, ದೇಶದ ಹಲವು ಸಂಸ್ಥೆಗಳು ಸಿದ್ಧಪಡಿಸಿದ ಪುಸ್ತಕಗಳು ಒಂದೆಡೆ ದೊರೆಯುವಂತಾಯಿತು. ಹೀಗಿರಲಾಗಿ ಉಳಿದಿರುವ ತೊಡಕುಗಳು ಬಹುಮಟ್ಟಿಗೆ ಲಿಪಿಗೂ ತಂತ್ರಾಂಶಕ್ಕೂ ಸಂಬಂಧಪಟ್ಟುವು.

ಕನ್ನಡ ಲಿಪಿಗೆ ಯೂನಿಕೋಡಿನಲ್ಲಿ ೧೯೯೧ರಲ್ಲಿಯೇ ಸ್ಥಾನವು ದೊರೆಯಿತಾದರೂ, ಮುದ್ರಣದ ಕೆಲಸದಲ್ಲಿ ಅದು ಬಳಕೆಗೆ ಬರುವುದು ಬಹಳ ತಡವಾಯಿತು. ಅದಕ್ಕೆ ಮೊದಲು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಅಚ್ಚುಗಳಿಂದ ಪುಸ್ತಕಗಳನ್ನು ಜೋಡಿಸುತ್ತಿದ್ದರು. ಅಂತಹ ಪಾಠವು ಕಣ್ಣಿಗೆ ಕನ್ನಡವಾಗಿಯೇ ತೋರುತ್ತದೆ. ಆದರೆ ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಸ್ಕ್ರೀನ್ ರೀಡರು ಅದನ್ನು ಓದತೊಡಗಿದರೆ ಒಂದು ಪದವೂ ತಿಳಿಯುವುದಿಲ್ಲ. ಇಂತಹ ಪಾಠವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ತಪ್ಪುಗಳನ್ನು ತಿದ್ದಿ, ಅನಂತರವೇ ಡೇಸಿ ಪುಸ್ತಕವನ್ನು ರಚಿಸಬೇಕು.

ಯೂನಿಕೋಡಿನಲ್ಲಿದ್ದರೂ ಹುಡುಕುವ ಕಾರ್ಯದಲ್ಲಿ ಎಚ್ಚರಿಕೆಯು ಬೇಕು. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತದಿಂದಲೂ ಬರೆಯಬಹುದು, ಎರಡು ಮೂರು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ‘ಸೂರ್ಯ’ ಎಂಬ ಪದವನ್ನು ಅರ್ಕಾವತ್ತಿನಿಂದ ಬರೆದಾಗಲೂ, ರಕಾರವನ್ನು ಪೂರ್ಣವಾಗಿ ಬರೆದು ಯಕಾರವನ್ನು ಒತ್ತಾಗಿ ಬರೆದಾಗಲೂ ಒಳಗಿನ ಸಂಕೇತಗಳಲ್ಲಿ ಕಣ್ಣಿಗೆ ಕಾಣದ ಒಂದು ಭೇದವಿರುತ್ತದೆ. ಪುಟಸಂಖ್ಯೆಗಳು ಕೆಲವು ಪುಸ್ತಕಗಳಲ್ಲಿ ಕನ್ನಡ ಅಂಕೆಗಳಲ್ಲಿಯೂ ಕೆಲವುಗಳಲ್ಲಿ ಇಂಗ್ಲಿಷ್ ಅಂಕೆಗಳಲ್ಲಿಯೂ ಇರುತ್ತವೆ; ‘ಇಪ್ಪತ್ತೈದನೆಯ ಪುಟಕ್ಕೆ ಹೋಗು’ ಎಂದು ಆಜ್ಞಾಪಿಸಿದರೆ ತಂತ್ರಾಂಶವು ಎರಡನ್ನೂ ಒಂದೆಂದೇ ತಿಳಿಯಬೇಕು. ರೋಮನ್ ಲಿಪಿಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ರಚಿಸಿದವನಿಗೆ ಈ ವಿಷಯಗಳು ಹೊಳೆಯುವುದು ಕಷ್ಟ. ಇವುಗಳನ್ನು ತಿದ್ದುವುದು ಕೆಲವೇ ಸಾಲುಗಳ ಕೆಲಸ. ಆದರೆ ತಿದ್ದುವ ಅಧಿಕಾರವು ಕನ್ನಡ ಬಲ್ಲವನಿಗೆ ಇರಬೇಕು. ಸ್ವತಂತ್ರ ತಂತ್ರಾಂಶದ ಪ್ರಯೋಜನವು ಇದಕ್ಕಿಂತ ಸ್ಪಷ್ಟವಾಗಿ ಮತ್ತೆಲ್ಲಿಯೂ ಕಾಣುವುದಿಲ್ಲ.

ಪಾಠವನ್ನು ಯಂತ್ರಧ್ವನಿಯಿಂದ ಓದಿಸಬೇಕೋ, ಮನುಷ್ಯರಿಂದ ಓದಿಸಿ ಹಿಡಿದಿಡಬೇಕೋ ಎಂಬ ಚರ್ಚೆಯೂ ಉಂಟು. ‘ಇ-ಸ್ಪೀಕ್’ ಎಂಬ ಸ್ವತಂತ್ರ ಯಂತ್ರಧ್ವನಿಯು ಕನ್ನಡವನ್ನೂ ನುಡಿಯುತ್ತದೆ; ಅದು ಎನ್‌ವಿಡಿಎಯೊಡನೆ ಸೇರಿಯೇ ಬರುತ್ತದೆ. ಅದರ ಉಚ್ಚಾರಣೆಯು ಒರಟಾದರೂ ಅತಿವೇಗದಲ್ಲಿಯೂ ಸ್ಪಷ್ಟವಾಗಿರುವುದರಿಂದ ಪತ್ರವ್ಯವಹಾರಕ್ಕೂ ವೃತ್ತಾಂತಪತ್ರಿಕ್ಕೆಗೂ ಸಾಕು. ಆದರೆ ಷಟ್ಪದಿಯ ಗತಿಯೂ ಹಳಗನ್ನಡದ ಪದವಿಭಾಗವೂ ಅರ್ಥವನ್ನರಿತು ಓದತಕ್ಕ ವಿಷಯಗಳು. ಅವುಗಳಿಗೆ ಮನುಷ್ಯಕಂಠವೇ ತಕ್ಕುದು. ಇಲ್ಲಿ ಡೇಸಿಯ ಒಂದು ಅನುಕೂಲವನ್ನು ನೆನೆಯಬೇಕು. ಧ್ವನಿಯನ್ನೂ ಅನುಕ್ರಮಣಿಕೆಯನ್ನೂ ಮಾತ್ರ ಒಳಗೊಂಡ ಪುಸ್ತಕವನ್ನು ರಚಿಸಲು ಸಂಪೂರ್ಣ ಪಾಠವನ್ನು ಬೆರಳಚ್ಚು ಮಾಡಬೇಕಾಗಿಲ್ಲ; ಶೀರ್ಷಿಕೆಗಳನ್ನೂ ಪುಟಸಂಖ್ಯೆಗಳನ್ನೂ ಸೇರಿಸಿದರೆ ಸಾಕು. ಚೆನ್ನಾಗಿ ಓದಬಲ್ಲ ಒಬ್ಬರೂ, ಒಂದು ಸಾಧಾರಣ ಗಣಕಯಂತ್ರವೂ, ನಿಶ್ಶಬ್ದವಾದ ಒಂದು ಕೊಠಡಿಯೂ ಇದ್ದರೆ ಪರ್ವಗಳೂ ಸಂಧಿಗಳೂ ಕಿವಿಗೆ ಸಿಕ್ಕುವಂತಹ ಪುಸ್ತಕವು ಸಿದ್ಧವಾಗುತ್ತದೆ.

೭. ಉಪಸಂಹಾರ

ಮೇಲಣ ವಿವೇಚನೆಯಿಂದ ಮೂರು ಅಂಶಗಳು ತಿಳಿದುಬರುತ್ತವೆ. ಅಂಧ ವಾಚಕನಿಗೆ ಬೇಕಾದುದು ಕೇವಲ ಧ್ವನಿಯಲ್ಲ, ಗ್ರಂಥದೊಳಗೆ ಸ್ವೇಚ್ಛೆಯಾಗಿ ಸಂಚರಿಸುವ ಶಕ್ತಿ. ಡೇಸಿ ಪದ್ಧತಿಯು ಅದನ್ನು ಪುಸ್ತಕದಲ್ಲಿಯೇ ಅಡಗಿಸಿದೆ. ಆ ಶಕ್ತಿಯು ಕಾರ್ಯಕ್ಕೆ ಬರುವುದು ನುಡಿಸುವ ತಂತ್ರಾಂಶದ ಮೂಲಕ. ಆದ್ದರಿಂದ ಅದರ ಬೀಗದ ಕೈಯು ಯಾರಲ್ಲಿರುವುದೆಂಬ ಪ್ರಶ್ನೆಯು ಯಂತ್ರಶಿಲ್ಪಿಗಳಿಗೆ ಮಾತ್ರ ಸಂಬಂಧಿಸಿದುದಲ್ಲ, ವಿದ್ಯೆಯ ಹಕ್ಕಿಗೆ ಸಂಬಂಧಿಸಿದುದು. ಸ್ವತಂತ್ರ ತಂತ್ರಾಂಶವು ಆ ಹಕ್ಕನ್ನು ವಾಚಕನ ಕೈಗೆ ಕೊಡುತ್ತದೆ. ಆದರೆ ಅದನ್ನು ಉಳಿಸಿಕೊಳ್ಳುವ ಹೊಣೆಯನ್ನೂ ಅದನ್ನು ಬಳಸುವ ಸಮಾಜಕ್ಕೇ ಒಪ್ಪಿಸುತ್ತದೆ.

ಕನ್ನಡದ ಗ್ರಂಥಾಲಯಗಳೂ ವಿದ್ಯಾಪೀಠಗಳೂ ಪ್ರಕಾಶಕರೂ ಈ ಹೊಣೆಯಲ್ಲಿ ಪಾಲುಗೊಳ್ಳುವುದು ಕಷ್ಟವಲ್ಲ. ಪ್ರಕಾಶಕರು ಮುದ್ರಣಕ್ಕೆ ಸಿದ್ಧಪಡಿಸಿದ ಪಾಠವನ್ನು ಯೂನಿಕೋಡಿನಲ್ಲಿ ಕಾದಿರಿಸಬಹುದು. ವಿದ್ಯಾಪೀಠಗಳು ಗಣಕವಿಜ್ಞಾನದ ವಿದ್ಯಾರ್ಥಿಗಳಿಗೆ ಈ ತಂತ್ರಾಂಶಗಳಲ್ಲಿನ ಕನ್ನಡದ ದೋಷಗಳನ್ನು ತಿದ್ದುವ ಕೆಲಸವನ್ನು ಅಭ್ಯಾಸವಾಗಿ ಕೊಡಬಹುದು. ಗಮಕಿಗಳು ತಮ್ಮ ಕಂಠವನ್ನು ಕೊಡಬಹುದು. ಹಿಂದೆ ಒಂದು ಊರಿನ ಜಗುಲಿಯ ಮೇಲೆ ಕುಳಿತವರಿಗೆ ಮಾತ್ರ ಕೇಳಿಸುತ್ತಿದ್ದ ಭಾರತವನ್ನು ದೂರದಲ್ಲಿರುವ ಅಂಧ ವಿದ್ಯಾರ್ಥಿನಿಯೊಬ್ಬಳು, ತನಗೆ ಬೇಕಾದ ಸಂಧಿಯನ್ನು ತಾನೇ ತೆರೆದು, ಬೇಕಾದ ಪದ್ಯವನ್ನು ಎರಡು ಸಲ ಕೇಳಿ, ಗುರುತಿಟ್ಟು ಮುಚ್ಚುವಂತಾದರೆ, ಅವಳು ಕೇಳುಗಳಷ್ಟೇ ಅಲ್ಲ, ಓದುಗಳೂ ಆದಳೆಂದು ಹೇಳಬಹುದು.